ಮನೆ ಕೆಲಸ, ಮೊದಲ ಹಂತ: ಪುರಸಭೆಯ ಕಟ್ಟಡ ಪರವಾನಗಿ ಕೈಗೆ ಬಂತು

ಯುಗಾದಿ ಮುಗಿದ ವಾರ

ಈ ವರ್ಷ ಮನೆ ಕಟ್ಟುವುದೇ ಸೈ ಅಂತ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದೆವು. ಬಯಲುಸೀಮೆಯ ತಾಲ್ಲೂಕು ಕೇಂದ್ರ, ಪುರಸಭೆ ಇರುವ ಊರು. ಸೈಟು 30×40, ಉತ್ತರಕ್ಕೆ ಒಂಬತ್ತು ಮೀಟರ್ ರಸ್ತೆ. ತೊಂಬತ್ತರ ದಶಕದಲ್ಲಿ ಭೂ ಪರಿವರ್ತನೆಯಾಗಿ, ನಗರ ಯೋಜನೆಯವರಿಂದ ವಿನ್ಯಾಸಕ್ಕೆ ಅನುಮೋದನೆ ಸಿಕ್ಕ ಬಡಾವಣೆ. ಅಪ್ಪ ಕೊಂಡಿದ್ದು, ಈಗ ದಾನಪತ್ರವಾಗಿ ನನ್ನ ಹೆಸರಿಗೆ ಬಂದಿದೆ.

ನಮ್ಮ ಬೀದಿಯಲ್ಲೇ ಪರವಾನಗಿ ಇಲ್ಲದೆ ಎದ್ದು ನಿಂತ ಮನೆಗಳಿವೆ. ‘ಮೊದಲು ಕಟ್ಟಿ, ಯಾರಾದರೂ ಕೇಳಿದರೆ ದಂಡ ಕಟ್ಟಿದರಾಯಿತು’ ಅನ್ನುವ ಸಲಹೆ ಸೈಟಿನ ಹತ್ತಿರ ನಿಂತರೆ ಸಾಕು, ಬಂದೇ ಬರುತ್ತದೆ. ನಾನು ಆ ದಾರಿ ಹಿಡಿಯುವುದಿಲ್ಲ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ 187ನೇ ಪ್ರಕರಣ ಕಟ್ಟುವ ಮೊದಲೇ ಅನುಮತಿ ಕೇಳು ಅನ್ನುತ್ತದೆ. ಅದು ಹಳೆಯ ಕಾನೂನು, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ ಪರಿಸ್ಥಿತಿಯೇ ಬೇರೆಯಾಗಿದೆ. ಕಟ್ಟಡ ನಕ್ಷೆಯಂತೆ ಮುಗಿದಿದೆ ಅನ್ನುವ ಪ್ರಮಾಣಪತ್ರ ನೋಡದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಡಿ, ಬ್ಯಾಂಕಿನವರೂ ಅದನ್ನು ನೋಡದೆ ಸಾಲ ಕೊಡಬೇಡಿ ಅಂತ ಕೋರ್ಟ್ ಹೇಳಿತು. ಮರುವರ್ಷ ರಾಜ್ಯದಲ್ಲಿ ಎಷ್ಟೋ ಮಂದಿ ಮನೆ ಮುಗಿಸಿಯೂ ಕಾಯಂ ಮೀಟರ್ ಇಲ್ಲದೆ ತಾತ್ಕಾಲಿಕ ಸಂಪರ್ಕದ ದುಬಾರಿ ದರ ಕಟ್ಟಿಕೊಂಡು ಕೂತರು. ಸಣ್ಣ ಸೈಟುಗಳಿಗೆ ವಿನಾಯಿತಿ ಕೊಡುವ ಮಾತು ಆಮೇಲೆ ಬಂತು. ವಿನಾಯಿತಿ ಸಿಕ್ಕವರಿಗೆ ಒಳ್ಳೆಯದೇ. ನನ್ನ ಕಡತ ಮಾತ್ರ ಅದರ ಮೇಲೆ ನಿಲ್ಲುವಂತೆ ಆಗಬಾರದು.

ಏಪ್ರಿಲ್

ಮೊದಲು ಆಸ್ತಿ ತೆರಿಗೆ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ, ಹೇಗೂ ಹೊಸ ರಸೀದಿ ಬೇಕಿತ್ತು. ಸೈಟಿನ ಮೇಲೆ ಸಾಲ, ಅಡಮಾನ ಇದೆಯೇ ಅಂತ ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಸಿಕೊಂಡೆ. ಎರಡರಲ್ಲೂ ಹೇಳುವಂಥದ್ದೇನೂ ಇಲ್ಲ.

ಹೇಳಬೇಕಾದದ್ದು ಇ-ಖಾತಾ, ಅಂದರೆ ಪುರಸಭೆಯ ಆಸ್ತಿ ಖಾತೆಯ ಕಂಪ್ಯೂಟರ್ ದಾಖಲೆಯ ಬಗ್ಗೆ. ಇ-ಆಸ್ತಿ ತಂತ್ರಾಂಶದಿಂದ ಬರುವ ಆ ದಾಖಲೆ, ನಮೂನೆ-3, ಇಲ್ಲದೆ ನಕ್ಷೆಯ ಅರ್ಜಿ ಮುಂದಕ್ಕೆ ಹೋಗುವುದೇ ಇಲ್ಲ. ಹಳೆಯ ಕೈಬರಹದ ಖಾತೆಯಿಂದ ಕಂಪ್ಯೂಟರಿಗೆ ಏರಿಸಿ ಕರಡು ಪ್ರತಿ ಕೊಟ್ಟರು. ಹೆಸರು ಸರಿ, ಸೈಟು ನಂಬರ್ ಸರಿ, ವಿಸ್ತೀರ್ಣ 111.48 ಚದರ ಮೀಟರ್, ಅದೂ ಸರಿ. ದಾನಪತ್ರವನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಾ ಬಂದಾಗ ಅಳತೆಯ ಕಡೆ ಕಣ್ಣು ನಿಂತಿತು. ಪೂರ್ವ-ಪಶ್ಚಿಮ 12.19 ಮೀಟರ್, ಉತ್ತರ-ದಕ್ಷಿಣ 9.14 ಮೀಟರ್ ಅಂತಿದೆ. ನಮ್ಮ ಸೈಟು ಪೂರ್ವ-ಪಶ್ಚಿಮ ಮೂವತ್ತಡಿ, ಉತ್ತರ-ದಕ್ಷಿಣ ನಲವತ್ತಡಿ. ಅದಲು ಬದಲಾಗಿದೆ. ಹೇಗೆ ಗುಣಿಸಿದರೂ ವಿಸ್ತೀರ್ಣ ಅದೇ ಬರುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನಕ್ಷೆ ಪರಿಶೀಲಿಸುವ ತಂತ್ರಾಂಶಕ್ಕೆ ರಸ್ತೆ ಯಾವ ಕಡೆ, ಅಗಲ ಎಷ್ಟು, ಆಳ ಎಷ್ಟು ಅನ್ನುವುದೇ ಮುಖ್ಯ. ಹೀಗೇ ಬಿಟ್ಟಿದ್ದರೆ ರಸ್ತೆಗೆ ನಲವತ್ತಡಿ ಮುಖ ಇರುವ ಸೈಟು ಅಂತ ಅದು ತಿಳಿದುಕೊಳ್ಳುತ್ತಿತ್ತು.

ಕರಡಿನಲ್ಲೇ ಇದ್ದದ್ದರಿಂದ ತಿದ್ದುಪಡಿ ಕಷ್ಟವಾಗಲಿಲ್ಲ. ನೋಂದಾಯಿತ ಪತ್ರದ ಚಕ್ಕುಬಂದಿ (ಯಾವ ದಿಕ್ಕಿಗೆ ಏನಿದೆ ಅನ್ನುವ ವಿವರ) ಪುಟ, ಅನುಮೋದಿತ ಬಡಾವಣೆ ನಕ್ಷೆಯ ಪ್ರತಿ, ಒಂದು ಅರ್ಜಿ. ಸಹಿ ಬಿದ್ದ ಮೇಲಾಗಿದ್ದರೆ ಅದೇ ಕೆಲಸಕ್ಕೆ ಮತ್ತೆ ಮೊದಲಿನಿಂದ ಕಡತ ಏಳಬೇಕು. ಇ-ಖಾತಾ ಮಾಡಿಸುತ್ತಿರುವ ಎಲ್ಲರಿಗೂ ನಾನು ಹೇಳುವುದು ಇದೊಂದೇ: ವಿಸ್ತೀರ್ಣ ನೋಡಿ ಸಮಾಧಾನಪಡಬೇಡಿ. ನಾಲ್ಕು ದಿಕ್ಕಿನ ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಎಂಟನ್ನೂ ಬೆರಳಿಟ್ಟು ಓದಿ.

ಮೇ, ಟೇಪು ಹಿಡಿದ ದಿನ

ನಕ್ಷೆ ಬರೆಸುವ ಮೊದಲು ನೆಲ ಅಳೆಯಬೇಕು ಅಂತ ಎಂಜಿನಿಯರ್ ಹೇಳಿದರು. ಈ ಊರಿನಲ್ಲಿ ಬಹಳ ಜನ ಪತ್ರದಲ್ಲಿರುವ ಅಳತೆಯನ್ನೇ ಎಂಜಿನಿಯರಿಗೆ ಕೊಟ್ಟು ಬಿಡುತ್ತಾರೆ. ಪತ್ರ ಸುಳ್ಳು ಹೇಳುವುದಿಲ್ಲ ನಿಜ, ಪಕ್ಕದ ಕಾಂಪೌಂಡು ಮಾತ್ರ ಪತ್ರ ನೋಡಿಕೊಂಡು ಎದ್ದಿರುವುದಿಲ್ಲ.

ಬೆಳಗ್ಗೆ ಬಿಸಿಲೇರುವ ಮೊದಲೇ ಹೋದೆವು. ಕಳೆ ಸವರಿ ನಾಲ್ಕು ಮೂಲೆಯ ಗಡಿಕಲ್ಲು ಹುಡುಕಿದೆವು. ಮೂರು ಸಿಕ್ಕವು, ಆಗ್ನೇಯದ್ದು ಪೂರ್ವದ ಮನೆಯ ಕಾಂಪೌಂಡಿನ ಕೆಳಗೆ ಸೇರಿಹೋಗಿದೆ. 30×40ರಲ್ಲಿ ಒಂದು ಅನುಕೂಲವಿದೆ: ಸೈಟು ಮೂಲೆಮಟ್ಟವಾಗಿದ್ದರೆ ಮೂಲೆಯಿಂದ ಮೂಲೆಗೆ ಸರಿಯಾಗಿ ಐವತ್ತಡಿ ಬರಬೇಕು. ಗಾರೆ ಮೇಸ್ತ್ರಿಗಳು 3-4-5 ಹಾಕಿ ಮೂಲೆ ನೋಡುವ ಲೆಕ್ಕವೇ ಇದು. ಈಶಾನ್ಯದಿಂದ ನೈಋತ್ಯಕ್ಕೆ ಟೇಪು ಎಳೆದರೆ ಐವತ್ತಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ವಾಯವ್ಯದಿಂದ ಆಗ್ನೇಯಕ್ಕೆ ಎಳೆದರೆ 49 ಅಡಿ ಒಂಬತ್ತೂವರೆ ಇಂಚು. ಹಿಂದಿನ ಅಂಚಿನಲ್ಲಿ ಅಗಲ ಅಳೆದರೆ 29 ಅಡಿ 8 ಇಂಚು. ಪೂರ್ವದ ಗೋಡೆ ಹಿಂದೆ ಹೋಗ್ತಾ ಹೋಗ್ತಾ ನಮ್ಮ ಕಡೆ ನಾಲ್ಕು ಇಂಚು ವಾಲಿದೆ.

ಆ ಮನೆಯವರ ಜೊತೆ ಕೂತು ಮಾತಾಡಿದೆವು. ಅವರು ಕಟ್ಟಿದ್ದಲ್ಲ, ಕಟ್ಟಿದ್ದ ಮನೆಯನ್ನು ಕೊಂಡವರು. ನಾಲ್ಕು ಇಂಚಿಗೆ ಸರ್ವೆ, ತಕರಾರು, ಕೋರ್ಟು ಅಂತ ಹೋದರೆ ಮನೆಯೂ ಏಳುವುದಿಲ್ಲ, ನೆರೆಹೊರೆಯೂ ಉಳಿಯುವುದಿಲ್ಲ. ಇರುವ ನೆಲಕ್ಕೇ ನಕ್ಷೆ ಕೂರಿಸುವುದೆಂದು ಒಪ್ಪಿದೆವು. ಮುಂದೆ ಅವರು ಕಾಂಪೌಂಡು ಒಡೆದು ಕಟ್ಟುವಾಗ ಕಲ್ಲಿನ ಗೆರೆಗೇ ಕಟ್ಟುತ್ತೇವೆ ಅಂತ ಮಾತು ಕೊಟ್ಟಿದ್ದಾರೆ.

ಆಯ ಮತ್ತು ಅಂಚು

ಮನೆಯಲ್ಲಿ ಅಮ್ಮನಿಗೆ ಆಯ, ಅಂದರೆ ಮನೆಯ ಅಳತೆ ಶುಭವೇ ಅಂತ ನೋಡುವ ವಾಸ್ತು ಲೆಕ್ಕ, ಕೂಡಿಬರಲೇಬೇಕು. ಉದ್ದಗಲ ಗುಣಿಸಿ, ಅದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿ ಉಳಿದ ಶೇಷ ನೋಡುವ ಲೆಕ್ಕ. ಒಂದು ಉಳಿದರೆ ಧ್ವಜಾಯ, ಮೂರು ಸಿಂಹಾಯ, ಐದು ವೃಷಭಾಯ, ಏಳು ಗಜಾಯ. ಇವು ನಾಲ್ಕು ಶುಭ. ನಮ್ಮ ಕಡೆ ಮೇಸ್ತ್ರಿ, ಎಂಜಿನಿಯರ್, ಪುರೋಹಿತರು ಮೂವರಿಗೂ ಬಾಯಿಪಾಠ. ಅಮ್ಮ ಮೊದಲೇ ಕೇಳಿಸಿಕೊಂಡು ಬಂದಿದ್ದ ಹೊರ ಅಳತೆ 27×35, ಧ್ವಜಾಯ.

ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗವೇ ಅಂಚು; ಎಂಜಿನಿಯರ್ ನಮ್ಮ ಸೈಟಿಗೆ ಹೇಳಿದ್ದು ನಾಲ್ಕೂ ಕಡೆ ಒಂದೊಂದು ಮೀಟರ್, ಅಂದರೆ ಮೂರಡಿ ಮೂರು ಇಂಚಿನ ಮೇಲೆ ಚೂರು. 27 ಅಡಿ ಅಗಲ ಇಟ್ಟರೆ ಎರಡೂ ಪಕ್ಕ ಸೇರಿ ಉಳಿಯುವುದೇ ಮೂರಡಿ. ಆಗುವ ಮಾತಲ್ಲ. ‘ಅಂಚು ಬಿಟ್ಟ ಹಾಗೆ ನಕ್ಷೆ ಹಾಕಿಸಿ, ಕಟ್ಟುವಾಗ ಬೇರೆ ಕಟ್ಟಿ’ ಅನ್ನುವುದು ಊರಲ್ಲಿ ಮಾಮೂಲು. ಹಾಗೆ ಮಾಡಿದರೆ ಕೊನೆಯ ಪ್ರಮಾಣಪತ್ರದ ಹೊತ್ತಿಗೆ ನಕ್ಷೆ ಒಂದು, ಮನೆ ಒಂದು. ಅದಕ್ಕಿಂತ ಹೆಚ್ಚಾಗಿ, ಗಾಳಿ ಬೆಳಕು ಬೇಕಾಗಿರುವುದು ಒಳಗೆ ಮಲಗುವ ನಮಗೇ. ಎರಡು ಗೋಡೆ ಒತ್ತಿಕೊಂಡು ನಿಂತ ಮನೆಗಳ ಅಡುಗೆಕೋಣೆಯಲ್ಲಿ ಮಧ್ಯಾಹ್ನವೂ ಲೈಟು ಹಾಕಬೇಕಾದ ಸ್ಥಿತಿ ನಮ್ಮ ಬೀದಿಯಲ್ಲೇ ಇದೆ.

ರಾತ್ರಿ ಅಮ್ಮ, ನಾನು ಕಾಗದ ಹಾಸಿಕೊಂಡು ಕೂತೆವು. 23×33 ಬಂತು. 759, ಒಂಬತ್ತರಿಂದ ಗುಣಿಸಿದರೆ 6831, ಎಂಟರಿಂದ ಭಾಗಿಸಿದರೆ ಶೇಷ ಏಳು. ಗಜಾಯ! ಹಿಂದುಮುಂದು ಮೂರೂವರೆ ಅಡಿ ಸಿಗುತ್ತದೆ. ಪಕ್ಕದಲ್ಲಿ, ನಾಲ್ಕು ಇಂಚು ಕಳೆದುಕೊಂಡ ಜಾಗದಲ್ಲೂ ಮನೆಯನ್ನು ಎರಡು ಇಂಚು ಪಶ್ಚಿಮಕ್ಕೆ ಸರಿಸಿದರೆ ಎರಡೂ ಕಡೆ ನಲವತ್ತು ಇಂಚು ಉಳಿಯುತ್ತದೆ. ಒಂದು ಮೀಟರಿಗೆ ಬೇಕಾದದ್ದು ಮೂವತ್ತೊಂಬತ್ತೂಕಾಲಿನ ಮೇಲೆ ಚೂರು. ಅಮ್ಮನ ಮುಖ ನೋಡಬೇಕಿತ್ತು. ಕೆಳಗೆ ಕಡಿಮೆಯಾದ ಜಾಗವನ್ನು ಮೇಲಿನ ಮಹಡಿಯಲ್ಲಿ ತೆಗೆದುಕೊಳ್ಳುತ್ತೇವೆ. ಎರಡೂ ಸೇರಿ 1518 ಚದರಡಿ, ನಮ್ಮ ಸಂಸಾರಕ್ಕೆ ಧಾರಾಳ.

ಊರಲ್ಲಿ ಒಳಚರಂಡಿ ಇನ್ನೂ ನಮ್ಮ ಬಡಾವಣೆಗೆ ಬಂದಿಲ್ಲ. ಆದ್ದರಿಂದ ನಕ್ಷೆಯಲ್ಲಿ ಸೆಪ್ಟಿಕ್ ಟ್ಯಾಂಕು ತೋರಿಸಲೇಬೇಕು. ವಾಯವ್ಯದಲ್ಲಿ, ಪೋರ್ಟಿಕೋ ಕೆಳಗೆ ಇಟ್ಟಿದ್ದೇವೆ. ಮುಚ್ಚಳ ರಸ್ತೆ ಕಡೆಗೇ ಇರುವುದರಿಂದ ಸಕ್ಕಿಂಗ್ ಗಾಡಿಯ ಪೈಪು ಮನೆಯೊಳಗೆ ಹಾಯಬೇಕಾಗಿಲ್ಲ. ಸಂಪು ಈಶಾನ್ಯಕ್ಕೆ, ಮಳೆನೀರಿನ ಪೈಪು ಸೋಸು ಗುಂಡಿ ದಾಟಿ ಅದಕ್ಕೇ ಬೀಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಮಳೆನೀರಿನ ನಿಯಮ ಇಲ್ಲದಿದ್ದರೂ ಇದನ್ನು ಮಾಡೇ ಮಾಡುತ್ತಿದ್ದೆ.

ಜೂನ್

ಅರ್ಜಿ ಆನ್‌ಲೈನ್‌ನಲ್ಲಿ ಎಂಜಿನಿಯರ್ ಮೂಲಕವೇ ಹೋಗಬೇಕು, ಅದೂ ನೋಂದಣಿ ಇರುವವರು. ಗಡುವಿನೊಳಗೆ ಸೇವೆ ಕೊಡಿಸುವ ಸರ್ಕಾರದ ‘ಸಕಾಲ’ ಯೋಜನೆಯಲ್ಲಿ ಅರ್ಜಿಗೆ ಸಿಗುವ ಜಿ.ಎಸ್.ಸಿ. ಸಂಖ್ಯೆಯನ್ನು ಕಡತದ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಕಚೇರಿಯಲ್ಲಿ ‘ನಮ್ಮ ಫೈಲು ಏನಾಯ್ತು ಸಾರ್’ ಅಂತ ಕೇಳುವುದಕ್ಕೂ, ಸಂಖ್ಯೆ ಹೇಳಿ ಯಾರ ಹಂತದಲ್ಲಿದೆ ಅಂತ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಉತ್ತರ ಎರಡನೆಯದಕ್ಕೆ ಸಿಗುತ್ತದೆ.

ಸ್ಥಳ ಪರಿಶೀಲನೆಗೆ ಕಿರಿಯ ಎಂಜಿನಿಯರ್ ಬಂದರು. ಅಳತೆಗೆ ನಾವು ಗೂಟ ಹೊಡೆದು ದಾರ ಕಟ್ಟಿ ಸಿದ್ಧವಿಟ್ಟಿದ್ದೆವು. ಪೂರ್ವದ ಗೋಡೆ ವಾಲಿರುವುದನ್ನು ನಾವೇ ತೋರಿಸಿದೆವು. ನಕ್ಷೆಯಲ್ಲೂ 29 ಅಡಿ 8 ಇಂಚು ಅಂತಲೇ ಇತ್ತು. ಅವರು ಟೇಪು ಹಿಡಿದು ನೋಡಿ, ಫೋಟೋ ತೆಗೆದುಕೊಂಡು ಹೋದರು. ಆಕ್ಷೇಪಣೆ ಏನೂ ಬರಲಿಲ್ಲ.

ಶುಲ್ಕದ ಪಟ್ಟಿಯಲ್ಲಿ ಎಲ್ಲರೂ ಗೊಣಗುವುದು ಕಾರ್ಮಿಕ ಸೆಸ್ ಬಗ್ಗೆ. ನಮ್ಮ ಪಟ್ಟಿಯಲ್ಲಿ ಅದು ನಿರ್ಮಾಣ ವೆಚ್ಚದ ಶೇ. 1. ನಮ್ಮದು ಮೂವತ್ತು ಲಕ್ಷದ ಅಂದಾಜು, ಮೂವತ್ತು ಸಾವಿರ ಕಟ್ಟಿದೆ. ಈ ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆದರೆ ಅದರ ಪ್ರಯೋಜನ ಸಿಗುವುದು ನೋಂದಾಯಿಸಿಕೊಂಡವರಿಗೆ ಮಾತ್ರ: ವಯಸ್ಸು 18ರಿಂದ 60, ಹಿಂದಿನ ಒಂದು ವರ್ಷದಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿರಬೇಕು. ನಮ್ಮ ಮೇಸ್ತ್ರಿಯ ಕಾರ್ಡು ಇದೆ. ಅವರ ಜೊತೆ ಬರುವ ಹೆಣ್ಣಾಳುಗಳಲ್ಲಿ ಇಬ್ಬರಿಗೆ ಇಲ್ಲ. ಕಲ್ಲು, ಸಿಮೆಂಟು ಹೊತ್ತು ಮನೆ ಎಬ್ಬಿಸುವವರೇ ಅವರು. ಕೆಲಸ ಮಾಡಿದ ದಿನಗಳನ್ನು ನಾನು ಪುಸ್ತಕದಲ್ಲಿ ಬರೆದಿಟ್ಟು, ಅವರ ನೋಂದಣಿಗೆ ಬೇಕಾದ ಉದ್ಯೋಗ ದೃಢೀಕರಣಕ್ಕೆ ಸಹಿ ಹಾಕಿಕೊಡುತ್ತೇನೆ ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಮನೆ ಕಟ್ಟಿಸುವ ಪ್ರತಿಯೊಬ್ಬರೂ ಇದನ್ನು ಮಾಡಬೇಕು.

ಆಷಾಢ

ಮುಖ್ಯಾಧಿಕಾರಿಯವರ ಡಿಜಿಟಲ್ ಸಹಿ ಬಿದ್ದು ಪರವಾನಗಿಯೂ ನಕ್ಷೆಯೂ ಬಂದವು. ಆಷಾಢದಲ್ಲಿ ಗುದ್ದಲಿ ಪೂಜೆ ಇಲ್ಲ, ಹಾಗಾಗಿ ಕಾಗದ ಕೈಯಲ್ಲಿದ್ದರೂ ನೆಲ ಮುಟ್ಟಿಲ್ಲ. ಈ ಬಿಡುವಿನಲ್ಲಿ ಪರವಾನಗಿಯ ಹಿಂದಿನ ಷರತ್ತುಗಳನ್ನು ಓದಿದೆ. ರಸ್ತೆ ಮೇಲೆ ಸಾಮಗ್ರಿ ಹಾಕುವಂತಿಲ್ಲ, ಚರಂಡಿ ಮುಚ್ಚುವಂತಿಲ್ಲ, ನಕ್ಷೆ ಮೀರುವಂತಿಲ್ಲ, ಕೆಲಸ ಶುರು ಮಾಡುವಾಗ ತಿಳಿಸಬೇಕು. ಜಲ್ಲಿ, ಮರಳು ಇಳಿಸಲು ಎದುರಿನ ಖಾಲಿ ಸೈಟಿನವರ ಒಪ್ಪಿಗೆ ತೆಗೆದುಕೊಂಡೆ.

ಮಂಜೂರಾದ ನಕ್ಷೆ ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು ಅಂತ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲೇ ಹೇಳಿದೆ. ದೊಡ್ಡ ಹಾಳೆಯಲ್ಲಿ ಮುದ್ರಿಸಿ ಬೋರ್ಡಿಗೆ ಅಂಟಿಸಿದ್ದೇನೆ. 23 ಅಡಿ, 33 ಅಡಿ, 40 ಇಂಚು, ಈ ಮೂರು ಅಂಕಿಗಳ ಸುತ್ತ ಕೆಂಪು ಗೆರೆ ಹಾಕಿದ್ದೇನೆ. ಮಾರ್ಕಿಂಗ್ ದಿನ ಮೇಸ್ತ್ರಿ ಮೊದಲು ನೋಡಬೇಕಾದ್ದು ಅವು.

ಶ್ರಾವಣದ ಮೊದಲ ವಾರಕ್ಕೆ ಮುಹೂರ್ತ ಕೇಳಿದ್ದೇವೆ. ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ಪರವಾನಗಿಯ ಪ್ರತಿ ಸೇರಿಸಿ ಅರ್ಜಿ ಕೊಟ್ಟಾಗಿದೆ. ನೆಲ ಎರೆಮಣ್ಣು, ಫುಟಿಂಗ್ ಆಳ ಎಷ್ಟೆಂದು ಮೊದಲ ಗುಂಡಿ ತೆಗೆದು ನೋಡಿದ ಮೇಲೆ ಎಂಜಿನಿಯರ್ ಹೇಳುತ್ತಾರೆ. ಪಾಯ ಮೇಲೆ ಬಂದಾಗ, ಗೋಡೆ ಏಳುವ ಮೊದಲು, ನಾಲ್ಕೂ ಕಡೆಯ ಅಂಚನ್ನು ಮತ್ತೆ ಟೇಪು ಹಿಡಿದು ಅಳೆದು ಫೋಟೋ ಸಮೇತ ಇಲ್ಲಿ ಹಾಕುತ್ತೇನೆ.