ಕಾರ್ಬ್ಯುರೇಟರ್ ಬಿಚ್ಚುವ ಮುಂಚೆ ಡೆಲ್ಕೊ ನೋಡಿ

ಹಳೇ ಕಾರಿನ ಆರೋಗ್ಯ ತಿಳಿಯಬೇಕಾದರೆ ಚಾಮುಂಡಿ ಬೆಟ್ಟ ಹತ್ತಿಸಬೇಕು. ರಿಂಗ್ ರೋಡಿನಲ್ಲಿ ಸಲೀಸಾಗಿ ಓಡುವ ಪ್ರೀಮಿಯರ್ ಪದ್ಮಿನಿ ಬೆಟ್ಟದ ತಿರುವು ಶುರುವಾದ ಮೇಲೆ ಏದುಸಿರು ಬಿಡುತ್ತದೆ. ಮೂರನೇ ಗೇರಿನಲ್ಲಿ ಎಳೆಯಲ್ಲ, ಎರಡಕ್ಕೆ ಇಳಿಸಿದರೆ ಟೆಂಪರೇಚರ್ ಮುಳ್ಳು ಏರುತ್ತದೆ, ನಡುನಡುವೆ ಮಿಸ್ಸಿಂಗ್ ಬೇರೆ. ಪಕ್ಕದಲ್ಲಿ ಕೂತವರು ‘ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿ’ ಅನ್ನುತ್ತಾರೆ, ಹಿಂದಿನ ಸೀಟಿನವರು ‘ರೇಡಿಯೇಟರ್ ಕಟ್ಟಿದೆ’ ಅನ್ನುತ್ತಾರೆ. ಎರಡೂ ಇರಬಹುದು. ಆದರೆ ನನ್ನ ಪ್ರಕಾರ ಮೊದಲ ಅನುಮಾನ ಪ್ಲಗ್‌ಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ, ಅಂದರೆ ಗ್ಯಾರೇಜಿನವರ ಬಾಯಲ್ಲಿ ‘ಡೆಲ್ಕೊ’ ಮೇಲೆ ಬೀಳಬೇಕು.

ಡೆಲ್ಕೊ ಒಳಗೆ ನಾಲ್ಕು ಮೂಲೆಯ ಕ್ಯಾಮ್ ತಿರುಗುತ್ತದೆ. ಒಂದೊಂದು ಮೂಲೆ ಪಾಯಿಂಟ್‌ನ (ಕರೆಂಟ್ ಹರಿಸಿ ಕಡಿಯುವ ಸಣ್ಣ ಸ್ವಿಚ್) ಫೈಬರ್ ಹೀಲನ್ನು, ಅಂದರೆ ಕ್ಯಾಮಿಗೆ ಉಜ್ಜುವ ಪಾದವನ್ನು ತಳ್ಳಿದಾಗ ಪಾಯಿಂಟ್ ತೆರೆಯುತ್ತದೆ. ತೆರೆದ ಕ್ಷಣವೇ ವೋಲ್ಟೇಜ್ ಏರಿಸುವ ಕಾಯಿಲ್‌ನಿಂದ ಪ್ಲಗ್‌ಗೆ ಕರೆಂಟ್. ಓಡಿದಷ್ಟೂ ಈ ಹೀಲ್ ಸವೆಯುತ್ತದೆ. ಸವೆದರೆ ಪಾಯಿಂಟ್ ತೆರೆದಾಗಿನ ಗ್ಯಾಪ್ ಕಡಿಮೆ, ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ. ಪಿಸ್ಟನ್ ಕೆಳಗಿಳಿಯತೊಡಗಿದ ಮೇಲೂ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ. ಚಕ್ರಕ್ಕೆ ಹೋಗಬೇಕಾದ ಶಕ್ತಿ ಶಾಖವಾಗಿ ಹೆಡ್ಡಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಹೋಗುತ್ತದೆ. ಪಿಕಪ್ ಇಲ್ಲವೆಂದು ಇನ್ನಷ್ಟು ಎಕ್ಸಲರೇಟರ್ ತುಳಿಯುತ್ತೀರಿ, ಇನ್ನಷ್ಟು ಬಿಸಿ. ರೇಡಿಯೇಟರ್ ಪಾಪ, ಏನು ಮಾಡೀತು?

ಪಾಯಿಂಟ್ ಸೆಟ್ ಮಾಡಲು ಬೇಕಾಗುವುದು ಒಂದು ಸ್ಕ್ರೂ ಡ್ರೈವರ್, ಸಂದು ಅಳೆಯುವ ತೆಳು ಪಟ್ಟಿಗಳ ಒಂದು ಫೀಲರ್ ಗೇಜ್, ಹದಿನೈದು ನಿಮಿಷ. ಡೆಲ್ಕೊದ ಕ್ಯಾಪ್, ಅದರಡಿ ತಿರುಗುವ ರೋಟರ್ ತೆಗೆಯಿರಿ. ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿ. ಹೀಲ್ ಸರಿಯಾಗಿ ಕ್ಯಾಮ್‌ನ ತುದಿಯ ಮೇಲೆ ಬಂದಾಗ ನಿಲ್ಲಿಸಿ. ನಾಲ್ಕು ಸಿಲಿಂಡರಿನ ಲೂಕಾಸ್ ಡೆಲ್ಕೊ ಆದರೆ ಗ್ಯಾಪ್ 0.35ರಿಂದ 0.40 ಮಿ.ಮೀ. ಗೇಜ್ ಸ್ವಲ್ಪ ಹಿಡಿದಂತಾಗಿ ಜಾರಬೇಕು, ಸಲೀಸಾಗಿ ಓಡಾಡಬಾರದು. ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗಲೇ ಗ್ಯಾಪ್ ಸರಿಯುತ್ತದೆ. ಹ್ಯಾಕ್ಸಾ ಬ್ಲೇಡ್ ತುಂಡು ತೂರಿಸಿ ‘ಸರಿ ಇದೆ’ ಅನ್ನುವವರಿದ್ದಾರೆ. ಆ ಬ್ಲೇಡ್ 0.6 ಮಿ.ಮೀ. ಆಸುಪಾಸು ದಪ್ಪ, ಪ್ಲಗ್ ಗ್ಯಾಪಿಗೆ ನಡೆಯುತ್ತದೆ, ಪಾಯಿಂಟಿಗೆ ನಡೆಯುವುದಿಲ್ಲ.

ಹೊಸ ಪಾಯಿಂಟ್ ಹಾಕುವಾಗ ಅದರ ಮೇಲಿನ ಎಣ್ಣೆ ಪಸೆಯನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಕ್ಯಾಮಿಗೆ ಬೆಂಕಿಕಡ್ಡಿ ತಲೆಯಷ್ಟು ಗ್ರೀಸ್ ಸಾಕು, ಹೆಚ್ಚಾದರೆ ಪಾಯಿಂಟ್ ಮೇಲೆ ಸಿಡಿದು ಅದೇ ಹೊಸ ರೋಗವಾಗುತ್ತದೆ. ಎಮರಿ ಪೇಪರ್ ಬೇಡ, ಅದರ ಕಣ ಪಾಯಿಂಟ್‌ನಲ್ಲಿ ಕೂತುಬಿಡುತ್ತದೆ. ಸಣ್ಣ ಫೈಲ್ ಸಾಕು. ಹೊಸ ಹೀಲ್ ಮೊದಲ ಐನೂರು ಕಿಲೋಮೀಟರಿನಲ್ಲಿ ಬೇಗ ಸವೆದು ಕೂರುತ್ತದೆ. ಅದಾದ ಮೇಲೆ ಇನ್ನೊಮ್ಮೆ ಗ್ಯಾಪ್ ನೋಡದಿದ್ದರೆ ಮಾಡಿದ ಕೆಲಸ ಅರ್ಧ.

ಟೈಮಿಂಗ್ ಯಾವಾಗಲೂ ಗ್ಯಾಪ್ ಆದ ಮೇಲೆ. ಕ್ರಮ ಉಲ್ಟಾ ಮಾಡಿದರೆ ಗ್ಯಾಪ್ ಬದಲಿಸಿದ ಕೂಡಲೇ ಟೈಮಿಂಗ್ ಹಾಳು. ಹನ್ನೆರಡು ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವಯರ್ ಕಟ್ಟಿ. ಒಂದನ್ನು ಕಾಯಿಲ್‌ನಿಂದ ಡೆಲ್ಕೊಗೆ ಹೋಗುವ ಟರ್ಮಿನಲ್ಲಿಗೆ, ಇನ್ನೊಂದನ್ನು ಗಾಡಿಯ ಲೋಹದ ಮೈಗೆ ಹಿಡಿಯಿರಿ. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿರಬೇಕು, ರೋಟರ್ ಒಂದನೇ ಪ್ಲಗ್ಗಿನ ವಯರಿನತ್ತ ಮುಖ ಮಾಡಿರಬೇಕು, ಕ್ರ್ಯಾಂಕ್ ಪುಲ್ಲಿಯ ಗುರುತು ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ಬಂದಿರಬೇಕು. ಇಗ್ನಿಷನ್ ಆನ್ ಮಾಡಿ, ಡೆಲ್ಕೊದ ಕ್ಲ್ಯಾಂಪ್ ಸಡಿಲಿಸಿ. ಮೊದಲು ರೋಟರ್ ತಿರುಗುವ ದಿಕ್ಕಿಗೇ ಡೆಲ್ಕೊ ಬಾಡಿ ತಿರುಗಿಸಿ ಬಲ್ಬ್ ಆರಿಸಿ, ಆಮೇಲೆ ಎದುರು ದಿಕ್ಕಿಗೆ ನಿಧಾನವಾಗಿ ತನ್ನಿ. ಬಲ್ಬ್ ಹತ್ತಿದ ಜಾಗವೇ ಪಾಯಿಂಟ್ ತೆರೆದ ಜಾಗ. ಅಲ್ಲೇ ಕ್ಲ್ಯಾಂಪ್ ಬಿಗಿ. 1089 ಸಿಸಿ ಪದ್ಮಿನಿಗೂ 1489 ಸಿಸಿ ಅಂಬಾಸಿಡರಿಗೂ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಸರದಿ, ಒಂದೇ: 1-3-4-2. ಮೂರು ಸಿಲಿಂಡರಿನ ಮಾರುತಿ 800ಕ್ಕೆ 1-3-2. ವಯರ್ ಅದಲುಬದಲಾದರೆ ಸೈಲೆನ್ಸರ್ ದೀಪಾವಳಿ ಮಾಡುತ್ತದೆ.

ಇಷ್ಟಾದರೂ ಗ್ಯಾಪ್ ನಿಲ್ಲದಿದ್ದರೆ ಡೆಲ್ಕೊ ಶಾಫ್ಟನ್ನು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ. ಆಟ ಕಂಡರೆ ಶಾಫ್ಟನ್ನು ಹಿಡಿದಿಡುವ ಬುಷ್ ಹೋಗಿದೆ. ಒಂದು ಮೂಲೆಯಲ್ಲಿ 0.40 ಇದ್ದ ಗ್ಯಾಪ್ ಇನ್ನೊಂದರಲ್ಲಿ 0.30 ಆಗುತ್ತದೆ. ಬುಷ್ ಹಾಕಿಸದೆ ಎಷ್ಟು ಟ್ಯೂನಿಂಗ್ ಮಾಡಿದರೂ ನೀರಿನಲ್ಲಿ ಹೋಮ. ಪಾಯಿಂಟ್ ತಿಂಗಳಿಗೊಮ್ಮೆ ಕಪ್ಪಗೆ ಸುಡುತ್ತಿದ್ದರೆ, ಬಿಸಿಯಾದಾಗ ಮಾತ್ರ ಮಿಸ್ಸಿಂಗ್ ಬಂದು ತಣ್ಣಗಾದಾಗ ಸರಿಯಾಗುತ್ತಿದ್ದರೆ, ಅದು ಹೆಚ್ಚಾಗಿ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್. ಸಣ್ಣ ಡಬ್ಬಿ, ಸಣ್ಣ ದುಡ್ಡು. ಒಂದು ಹೆಚ್ಚಿಗೆ ಡ್ಯಾಶ್‌ನಲ್ಲಿ ಇಟ್ಟುಕೊಂಡಿರಿ.

ಬೆಟ್ಟದ ಮೇಲೆ ಗಾಡಿ ನಿಲ್ಲಿಸಿ, ದರ್ಶನ ಮುಗಿಸಿ ಬಂದಾಗ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ಕಥೆ ಬೇರೆ. ಎಂಜಿನ್ ನಿಂತ ಮೇಲೆ ಗಾಳಿ ಇಲ್ಲ, ಬ್ಲಾಕಿನ ಬಿಸಿಯೆಲ್ಲ ಅದಕ್ಕೇ ಅಂಟಿಕೊಂಡಿರುವ ಪೆಟ್ರೋಲ್ ಪಂಪಿಗೆ ಏರಿ, ಒಳಗಿನ ಪೆಟ್ರೋಲ್ ಆವಿಯಾಗಿರುತ್ತದೆ. ಪಂಪ್ ದ್ರವವನ್ನು ತಳ್ಳುತ್ತದೆ, ಆವಿಯನ್ನು ತಳ್ಳಲಾರದು. ಇದನ್ನೇ ನಮ್ಮ ಕಡೆ ಏರ್‌ಲಾಕ್ ಅನ್ನುವುದು. ಬಾನೆಟ್ ಎತ್ತಿ, ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ, ಹತ್ತು ನಿಮಿಷ ಕಾಯಿರಿ. ಶಾಶ್ವತ ಪರಿಹಾರ ಬೇಕಿದ್ದರೆ ಪಂಪ್ ಮತ್ತು ಬ್ಲಾಕ್ ನಡುವಿನ ದಪ್ಪ ಇನ್ಸುಲೇಟರ್ ಪ್ಯಾಕಿಂಗ್ ಇದೆಯೇ ನೋಡಿ. ಹಿಂದೆ ಯಾರೋ ಪಂಪ್ ಬದಲಿಸುವಾಗ ಅದನ್ನು ಎಸೆದು ತೆಳು ಪೇಪರ್ ಗ್ಯಾಸ್ಕೆಟ್ ಹಾಕಿರುವುದು ಬಹಳ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಬ್ರೇಕ್ ತುಳಿದೇ ಇಳಿದರೆ ಬುಡ ಸೇರುವಷ್ಟರಲ್ಲಿ ಅದು ಹಿಡಿಯುವುದಿಲ್ಲ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಕಬ್ಬು ಬೆಳೆಯುವ ಮಂಡ್ಯದವರು ಅದನ್ನು ಬೈಯುವ ಹಾಗಿಲ್ಲ, ಆದರೆ ಹಳೇ ರಬ್ಬರ್ ಪೈಪಿಗೂ ಪಂಪಿನ ಡಯಾಫ್ರಾಮಿಗೂ ಅದು ಆಗದು. ಪೈಪ್ ಮೆತ್ತಗಾಗಿ ಒಳಗಿಂದ ಉದುರಿ ಕಾರ್ಬ್ಯುರೇಟರಿನ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತು, ಕಟ್ಟುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಎಥೆನಾಲ್ ತಡೆಯುವ ಹೋಸ್ ಹಾಕಿಸಿ. ಈ ಒಂದು ವಿಷಯದಲ್ಲಿ ಮಾತ್ರ ಕಾರ್ಬ್ಯುರೇಟರ್ ಬಿಚ್ಚುವವರ ಮಾತು ಸರಿ.

ಆಯುಧಪೂಜೆ ಹೊತ್ತಿಗೆ ಇನ್ನೊಂದು. ಪ್ರೆಶರ್ ನೀರಿನಲ್ಲಿ ಎಂಜಿನ್ ತೊಳೆದು, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ದೃಷ್ಟಿ ತಗುಲಿದ್ದಲ್ಲ, ಡೆಲ್ಕೊ ಕ್ಯಾಪಿನೊಳಗೆ ನೀರು. ಕ್ಯಾಪ್ ಬಿಚ್ಚಿ ಒಣ ಬಟ್ಟೆಯಿಂದ ಒಳಗೆಲ್ಲ ಒರೆಸಿ. ಪೆನ್ಸಿಲ್ ಗೆರೆಯಂಥ ಕಪ್ಪು ಬಿರುಕು ಕಂಡರೆ ಕ್ಯಾಪನ್ನೇ ಬದಲಿಸಿ. ತೊಳೆಯುವ ಮುಂಚೆಯೇ ಡೆಲ್ಕೊಗೊಂದು ಪ್ಲಾಸ್ಟಿಕ್ ಕವರ್ ಕಟ್ಟಿದರೆ ಇದ್ಯಾವುದೂ ಬೇಡ. ಸೆಲ್ಫ್ ಹೊಡೆಯುವ ಮುಂಚೆ ಆ ಕವರ್ ತೆಗೆಯುವುದನ್ನು ಮರೆಯಬೇಡಿ.