"ನನ್ನ ಷಡ್ಜ ಇಲ್ಲೇ ಇದೆ ಸರ್"

ಶನಿವಾರ ನಮ್ಮ ಸಂಗೀತದ ಟೀಚರ್ ಹೆಸರಿನಲ್ಲಿ ವಿಶ್ವವಿದ್ಯಾಲಯದ ಶಾಸ್ತ್ರೀಯ ಗಾಯನ ಸ್ಪರ್ಧೆ ಇತ್ತು. ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಮಕ್ಕಳು ಬೆಳಗ್ಗೆ ಬೇಗ ಬಸ್ಸು ಹಿಡಿದು ಮಡಿಕೇರಿಗೆ ಬಂದಿದ್ದರು. ಎಲ್ಲರ ಬ್ಯಾಗಿನಲ್ಲೂ ಒಂದೊಂದು ಫ್ಲಾಸ್ಕ್. ಹೊರಗೆ ಜಿಟಿಜಿಟಿ ಮಳೆ, ಕಿಟಕಿ ತೆಗೆದರೆ ಮಂಜು ಒಳಗೆ. ಇಂಥ ಥಂಡಿಯಲ್ಲಿ ಹಾಡಿಸುವುದು ಮಕ್ಕಳ ಗಂಟಲಿಗೆ ಮಾಡುವ ಅನ್ಯಾಯ. ಆದರೆ ನಮ್ಮಲ್ಲಿ ಮಳೆ ನಿಲ್ಲಲಿ ಅಂತ ಕಾದರೆ ಯಾವ ಕಾರ್ಯಕ್ರಮವೂ ಆಗುವುದಿಲ್ಲ.

ವೇದಿಕೆ ಮೇಲೆ ಟೀಚರ್ ಫೋಟೋ, ಅದಕ್ಕೆ ಸುಗಂಧರಾಜದ ಹಾರ. ಮುಖ್ಯ ಅತಿಥಿ ಮಾತಾಡಿದರು, ಮಾತಾಡಿದರು, ಮಾತಾಡುತ್ತಲೇ ಇದ್ದರು. ಟೀಚರನ್ನು ಅವರು ಒಮ್ಮೆಯೂ ಭೇಟಿಯಾಗಿರಲಿಲ್ಲ ಅನ್ನುವುದು ಎರಡನೇ ವಾಕ್ಯಕ್ಕೇ ಗೊತ್ತಾಯಿತು. ಇರಲಿ.

ಸ್ಪರ್ಧೆ ಶುರುವಾಯಿತು. ಒಬ್ಬೊಬ್ಬರಿಗೆ ಹತ್ತು ನಿಮಿಷ, ವೇದಿಕೆ ಹತ್ತಿದ ಕೂಡಲೇ ಲೆಕ್ಕ ಶುರು. ಪಕ್ಕದಲ್ಲಿ ಒಬ್ಬರು ಗಂಟೆ ಹಿಡಿದು ಕೂತಿದ್ದರು. ಕಲ್ಯಾಣಿ ರಾಗ ಆಯಿತು, ಹಿಂದೋಳ ಆಯಿತು, ಮತ್ತೆ ಕಲ್ಯಾಣಿ ಆಯಿತು. ಶ್ರುತಿಯ ಎತ್ತರವನ್ನು ನಾವು ಮನೆಯಲ್ಲಿ ಅಳೆಯುತ್ತೇವೆ, ಮನೆ ಹೆಚ್ಚಾದಷ್ಟೂ ಸ್ವರ ಮೇಲೆ. ಹುಡುಗಿಯರೆಲ್ಲ ಐದು ಮನೆ, ಐದೂವರೆ ಮನೆ. ಒಬ್ಬಳಂತೂ ಆರು. ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸುವ ಹುಡುಗನಿಗೆ ಜಾಸ್ತಿ ಕೆಲಸವೇ ಇರಲಿಲ್ಲ.

ಆಮೇಲೆ ನಾಪೋಕ್ಲು ಕಡೆಯ ಒಂದು ಹುಡುಗಿ ಬಂದು ಕೂತಳು. "ನಾಲ್ಕಕ್ಕೆ ಇಡಿ" ಎಂದಳು.

ಪಿಟೀಲಿನವರು ಕಮಾನು ಕೆಳಗಿಟ್ಟರು. ಅವರಿಗೆ ತಂತಿಯೆಲ್ಲ ಇಳಿಸಬೇಕಲ್ಲ, ಸಿಟ್ಟು ಬಂದಿರಬೇಕು. "ನಾಲ್ಕಾ? ಇನ್ನು ಸ್ವಲ್ಪ ಇಳಿದರೆ ಹುಡುಗರ ಜೊತೆಗೇ ಹಾಡಬಹುದಲ್ಲಮ್ಮ" ಎಂದರು. ಮೈಕ್ ಆನ್ ಇತ್ತು. ಸಭೆ ನಕ್ಕಿತು. ತೀರ್ಪುಗಾರರಲ್ಲೂ ಒಬ್ಬರು ನಕ್ಕರು.

ಅವಳು ನಗಲಿಲ್ಲ, ಅಳಲೂ ಇಲ್ಲ. "ನನ್ನ ಷಡ್ಜ ಇಲ್ಲೇ ಇದೆ ಸರ್" ಎಂದಳು. ತನ್ನ ಸಾ ಎಲ್ಲಿದೆ ಎಂದು, ಕೇಳಿದ್ದಕ್ಕೆ ವಿಳಾಸ ಹೇಳಿದ ಹಾಗೆ.

ವಾರವಿಡೀ ಈ ಮಾತು ನನ್ನ ತಲೆಯಲ್ಲಿ ಓಡುತ್ತಿದೆ. ಅಷ್ಟು ಜನರ ಮುಂದೆ, ಆ ವಯಸ್ಸಿನಲ್ಲಿ, ನಗು ಇನ್ನೂ ನಿಲ್ಲದಿರುವಾಗ ಹೀಗೆ ಹೇಳಲು ಬರುತ್ತದೆಯಾ?

ಮೃದಂಗದವರು ಮಾತ್ರ ಒಳ್ಳೆಯ ಮನುಷ್ಯ. ತುಟಿ ಪಿಟಕ್ಕೆನ್ನದೆ ಮೃದಂಗವನ್ನು ತೊಡೆಗೆ ಆನಿಸಿಕೊಂಡು, ಬಾಯಿಯ ಅಂಚಿಗೆ ಕೆಳಗಿನಿಂದ ಕಲ್ಲಿನಲ್ಲಿ ತಟ್ಟುತ್ತಾ ಸುತ್ತಲೂ ಇಳಿಸುತ್ತಾ ಬಂದರು. ತಟ್ಟುವುದು, ಬೆರಳಿಂದ ಒಮ್ಮೆ ಮೀಟಿ ಕಿವಿಗೊಡುವುದು, ಮತ್ತೆ ತಟ್ಟುವುದು. ಥಂಡಿಗೆ ಚರ್ಮ ಮೊದಲೇ ಸಡಿಲವಾಗಿತ್ತು. "ಅರ್ಧ ಕೆಲಸ ಮಳೆಯೇ ಮಾಡಿಟ್ಟಿದೆ, ಹೆದರಬೇಡ ಮಗಾ" ಎಂದರು. ಅಷ್ಟರಲ್ಲಿ ಅವಳ ಹತ್ತು ನಿಮಿಷದಲ್ಲಿ ಒಂದಷ್ಟು ಹೋಗಿತ್ತು.

ಟೀಚರ್ ಇದ್ದಿದ್ದರೆ? ಹೊಸದಾಗಿ ಪಾಠಕ್ಕೆ ಸೇರಿದವರಿಗೆ ಅವರು ಮೊದಲ ದಿನವೇ ಸರಳೆಯ ಸ್ವರಪಾಠ ಹೇಳಿಕೊಡುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು "ಸಾ ಅನ್ನು" ಎನ್ನುತ್ತಿದ್ದರು. ಶ್ರುತಿಪೆಟ್ಟಿಗೆಯನ್ನು ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಮಾಡುತ್ತಾ ನಮ್ಮ ಮುಖವನ್ನೇ ನೋಡುತ್ತಿದ್ದರು. ಹಣೆಯ ಗಂಟು ಬಿಟ್ಟು, ಭುಜ ಇಳಿದು, ಕತ್ತಿನ ನರ ಕಾಣದಂತಾದಾಗ "ಹಾಂ, ಇದು ನಿಂದು" ಎಂದು ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಸುತ್ತಿದ್ದರು. ಮೊದಲ ಪಾಠಗಳ ರಾಗ ಮಾಯಾಮಾಳವಗೌಳ ಆಮೇಲೆ. ತಾಯಂದಿರು ಬಂದು "ಟೀಚರೇ, ಇವಳ ಸ್ವರ ಸ್ವಲ್ಪ ಗಂಡಸರ ತರ ಅಲ್ವಾ, ಮೇಲೆ ಹತ್ತಿಸಿ" ಎಂದರೆ, "ಹತ್ತಿಸೋಕೆ ಇದೇನು ಮರವಾ?" ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದರು.

ಹುಡುಗಿಯ ಸ್ವರ ಎಂದರೆ ಸಣ್ಣಗೆ, ಎತ್ತರದಲ್ಲೇ ಇರಬೇಕು ಎನ್ನುವುದು ಎಲ್ಲಿಂದ ಬಂತೋ. ಸಿನಿಮಾ ಹಾಡುಗಳದ್ದು ಇದರಲ್ಲಿ ದೊಡ್ಡ ಪಾಲು ಎಂದು ನನ್ನ ಅನುಮಾನ. ಮೈಕ್ ಇಲ್ಲದ ಕಾಲದಲ್ಲಿ ಗಂಡಸರೂ ನಾಲ್ಕು, ನಾಲ್ಕೂವರೆಯಲ್ಲಿ ಹಾಡುತ್ತಿದ್ದರು, ಕಡೆಯ ಸಾಲಿಗೆ ಕೇಳಬೇಕಲ್ಲ. ಮೈಕ್ ಬಂತು, ಅವರು ಆರಾಮಾಗಿ ಒಂದಕ್ಕೆ, ಒಂದೂವರೆಗೆ ಇಳಿದರು. ಯಾರೂ ನಗಲಿಲ್ಲ. ಹೆಣ್ಣುಮಗಳು ಐದರಿಂದ ನಾಲ್ಕಕ್ಕೆ ಬಂದರೆ ನಗು!

ಗಂಗೂಬಾಯಿ ಹಾನಗಲ್ ಅವರದ್ದು ಮೊದಲು ತೆಳು ಸ್ವರವೇ. ಟಾನ್ಸಿಲ್ ಆಪರೇಷನ್ ಆದ ಮೇಲೆ ಗಡಸಾಯಿತು. ಆ ಗಡಸು ಸ್ವರದಲ್ಲೇ ಅವರು ಹಿಂದೂಸ್ತಾನಿ ಗಾಯನದ ಕಿರಾನಾ ಘರಾನೆಯ ದೊಡ್ಡ ಹೆಸರಾದದ್ದು. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಇರುವುದೂ ಅವರದೇ ಹೆಸರು. ಬೋರ್ಡಿನ ಮೇಲೆ ಗಂಗೂಬಾಯಿ ಬೇಕು, ಎದುರಿಗೆ ಕೂತ ಹುಡುಗಿ ಮಾತ್ರ ಕೀರಲಾಗಿಯೇ ಹಾಡಬೇಕು. ಇದ್ಯಾವ ನ್ಯಾಯ?

ನಾಪೋಕ್ಲುವಿನ ಹುಡುಗಿ ಭೈರವಿ ರಾಗ ಹಾಡಿದಳು. ಆಲಾಪನೆಯಲ್ಲಿ ಅವಸರವಿಲ್ಲದೆ ಮಂದ್ರಕ್ಕೆ ಇಳಿದು, ನಿಷಾದದಲ್ಲಿ ಸ್ವಲ್ಪ ನಿಂತು, ಧೈವತವನ್ನು ಮುಟ್ಟಿ ಮೇಲೆ ಬಂದಳು. ಬೆಳಗ್ಗಿನಿಂದ ಆ ಜಾಗಕ್ಕೆ ಯಾರೂ ಹೋಗಿರಲಿಲ್ಲ. ನನ್ನ ಪಕ್ಕದ ಅಜ್ಜಿ ಮೊಬೈಲ್ ಮಡಿಲಿಗೆ ಹಾಕಿಕೊಂಡು ನೆಟ್ಟಗೆ ಕೂತರು. ನಗುತ್ತಿದ್ದ ಪಿಟೀಲಿನವರೂ ಕಣ್ಣು ಮುಚ್ಚಿ ಹಿಂಬಾಲಿಸಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೃತಿಯ ಚರಣಕ್ಕೆ ಬಂದು, ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್ ಹಿಡಿದು ಎರಡು ಆವರ್ತ ಆಗಿತ್ತೋ ಇಲ್ಲವೋ, ಟಣ್ ಎಂದು ಗಂಟೆ. ಅವಳು ಮುಗಿಸಿ, ಕೈಮುಗಿದು ಎದ್ದಳು.

ಬಹುಮಾನ ಆರು ಮನೆಯವಳಿಗೆ ಹೋಯಿತು. ಅವಳೂ ಕೆಟ್ಟದಾಗಿ ಹಾಡಲಿಲ್ಲ. ಸ್ವರಪ್ರಸ್ತಾರ ಚುರುಕಾಗಿತ್ತು, ಲೆಕ್ಕ ಎಲ್ಲೂ ತಪ್ಪಲಿಲ್ಲ. ಆದರೆ ಮೇಲಿನ ತಾರಸ್ಥಾಯಿಯಲ್ಲಿ ಅವಳ ಕತ್ತಿನ ನರ ಮೂರನೇ ಸಾಲಿಗೂ ಕಾಣುತ್ತಿತ್ತು. ನಾಪೋಕ್ಲುವಿನ ಹುಡುಗಿಯ ಬಗ್ಗೆ ತೀರ್ಪುಗಾರರು "ತಾರದಲ್ಲಿ ಇನ್ನೂ ಕೆಲಸ ಮಾಡಬೇಕು" ಎಂದರು. ಅಲ್ಲಿಗೆ ಹೋಗಲು ಅವಳಿಗೆ ಸಮಯ ಎಲ್ಲಿ ಕೊಟ್ಟಿರಿ?

ಊಟದ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಹೋಗಿ, ಯಾರ ಹತ್ತಿರ ಕಲಿಯುತ್ತಿದ್ದೀಯಾ ಎಂದು ಕೇಳಿದೆ. ಅವಳು ಹೇಳಿದ್ದು ನನ್ನ ಜೊತೆಗೇ ಪಾಠಕ್ಕೆ ಬರುತ್ತಿದ್ದವಳ ಹೆಸರು. "ಟೀಚರನ್ನು ನಾನು ನೋಡಿಲ್ಲ ಆಂಟಿ, ಫೋಟೋ ಇವತ್ತೇ ನೋಡಿದ್ದು" ಎಂದಳು. ಮತ್ತೆ ಸಾರು ಹಾಕಿಸಿಕೊಳ್ಳಲು ಹೋದಳು.

ಮರುದಿನ ಸಮಿತಿಯ ಒಬ್ಬರಿಗೆ ಫೋನ್ ಮಾಡಿದೆ. ಮುಂದಿನ ವರ್ಷ ಶ್ರುತಿ ಮಾಡಿಕೊಳ್ಳುವ ಹೊತ್ತನ್ನು ಹತ್ತು ನಿಮಿಷದೊಳಗೆ ಹಿಡಿಯಬೇಡಿ ಎಂದೆ. "ಹಾಗಾದರೆ ಕಾರ್ಯಕ್ರಮ ಉದ್ದ ಆಗುತ್ತದಲ್ಲ ಮೇಡಂ" ಎಂದರು. ಗಂಟೆ ಹಿಡಿದವರನ್ನು ಭಾಷಣದ ಹೊತ್ತಿಗೇ ಕೂರಿಸಿ, ಸರಿಹೋಗುತ್ತದೆ ಎಂದೆ. ನಕ್ಕು, ಮೀಟಿಂಗಿನಲ್ಲಿ ಇಡ್ತೇನೆ ಎಂದರು. ಮೀಟಿಂಗಿನಲ್ಲಿ ಇಟ್ಟದ್ದು ಅಲ್ಲೇ ಇರುತ್ತದೆ ಎಂದು ಗೊತ್ತಿರುವುದರಿಂದ ಪತ್ರವನ್ನೂ ಬರೆದು ಕಳಿಸಿದ್ದೇನೆ.