ಮೂರು ಕೂಗು, ಮೂರು ಸೀಟಿ

ನಮ್ಮ ಕಾಮಿಕ್‌ಗೆ ಮಾತು ಬರೆಯುವುದು ನಾನು, ಚಿತ್ರ ಬಿಡಿಸುವುದು ಅವಳು. ನಾನು ಮೈಸೂರಿನಲ್ಲಿ, ಅವಳು ಧಾರವಾಡದಲ್ಲಿ. ಭೇಟಿಯಾದದ್ದು ಮಾತ್ರ ಬೆಂಗಳೂರಿನಲ್ಲಿ, ಟ್ರಿನಿಟಿ ಸರ್ಕಲ್ ಹತ್ತಿರ ಇರುವ ವ್ಯಂಗ್ಯಚಿತ್ರಗಳ ಗ್ಯಾಲರಿಯಲ್ಲಿ. ಒಂದೇ ಚಿತ್ರದ ಮುಂದೆ ನಿಂತು ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟೆವು, ಅಷ್ಟೇ ಪರಿಚಯ. ರಾಶಿಯವರು 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಹಾಸ್ಯ ಪತ್ರಿಕೆಗೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆಯುತ್ತಿದ್ದರು ಅಂತ ಅವತ್ತು ಕಾಫಿ ಕುಡಿಯುತ್ತಾ ಹೇಳಿದೆ. "ನಾವೂ ಒಂದು ಮಾಡೂಣೇನ್ರಿ ಅಕ್ಕಾ?" ಅಂದಳು.

ಕಳೆದ ಭಾನುವಾರ ಕೈಗೆತ್ತಿಕೊಂಡದ್ದು ಕುಕ್ಕರ್ ವಿಷಯ. ಅಮ್ಮ ಸ್ನಾನಕ್ಕೆ ಹೋಗುತ್ತಾ ಅಪ್ಪನಿಗೆ, "ಮೂರು ಕೂಗು ಕೂಗಿದ್ಮೇಲೆ ಆಫ್ ಮಾಡಿ" ಅನ್ನುತ್ತಾಳೆ. ಅಪ್ಪ ಪೇಪರ್ ಹಿಡಿದು ಕೂತು ಸರಿಯಾಗಿ ಎಣಿಸುತ್ತಾರೆ. ಆದರೆ ಅವರು ಎಣಿಸಿದ್ದು ಪಕ್ಕದ ಮನೆ ಕುಕ್ಕರನ್ನು. ಇಷ್ಟೇ ಕತೆ. ನಾಲ್ಕು ಚೌಕದಲ್ಲಿ ಮುಗಿಯಬೇಕು.

ಬೆಳಗ್ಗೆ ಬರೆದು ಕಳಿಸಿದೆ. ಹತ್ತು ಗಂಟೆಗೆ ಫೋನ್ ಬಂತು.

"ಅಕ್ಕಾ, ಕೂಗು ಅಂದ್ರ ಏನ್ರಿ? ಕುಕ್ಕರ್ ಸೀಟಿ ಹೊಡೀತದಲ್ರಿ?"

ನಮ್ಮ ಕಡೆ ಕೂಗುತ್ತೆ, ಅವಳ ಕಡೆ ಸೀಟಿ ಹೊಡೆಯುತ್ತೆ. ಸುಮ್ನೆ ವಿಷಲ್ ಅಂತ ಹಾಕಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಆದರೆ ಆ ಪದದಲ್ಲಿ ನನಗೆ ನಮ್ಮಮ್ಮನ ದನಿ ಕೇಳಿಸಲಿಲ್ಲ, ಅವಳಿಗೆ ಅವರವ್ವನ ದನಿ ಕೇಳಿಸಲಿಲ್ಲ. ಅರ್ಧ ಗಂಟೆ ಇದೇ ಮಾತಾಯಿತು. ಇಬ್ಬರೂ ಬಿಟ್ಟುಕೊಡಲಿಲ್ಲ. "ತಡೀರಿ" ಅಂತ ಫೋನ್ ಇಟ್ಟಳು.

ಸ್ವಲ್ಪ ಹೊತ್ತಿಗೆ ಪೆನ್ಸಿಲ್ ಚಿತ್ರದ ಫೋಟೊ ಬಂತು. ಬಚ್ಚಲುಮನೆ ಬಾಗಿಲು ಒಂದು ಗೇಣು ತೆರೆದಿದೆ. ಅದರ ಸಂದಿಯಿಂದ ಸೋಪಿನ ನೊರೆ ಇರುವ ಒಂದು ಕೈ ಹೊರಗೆ ಬಂದಿದೆ. ಬಳೆಗಳು ಮೊಣಕೈ ಕಡೆ ಜಾರಿವೆ. ಮೂರು ಬೆರಳು. ಮಾತಿಲ್ಲ.

ಆ ಮೊದಲ ಸಾಲು ನನಗೆ ತುಂಬಾ ಇಷ್ಟವಾಗಿತ್ತು. ಆದರೆ ಈ ಕೈ ನೋಡಿದ ಮೇಲೆ ಅದನ್ನು ಇಟ್ಟುಕೊಳ್ಳುವ ಮನಸ್ಸೇ ಬರಲಿಲ್ಲ.

ಕಷ್ಟವಾದದ್ದು ಎರಡನೇ ಚೌಕ. ಪಕ್ಕದ ಮನೆ ಅಡುಗೆಕೋಣೆಯನ್ನು ಅಲ್ಲೇ ತೋರಿಸಿದರೆ ನಗು ಬೇಗ ಖರ್ಚಾಗುತ್ತೆ. ತೋರಿಸದೇ ಹೋದರೆ ಕೊನೆಯಲ್ಲಿ ಓದುಗರಿಗೆ ಮೋಸ ಮಾಡಿದ ಹಾಗೆ, ಅಲ್ವಾ? ಕೊನೆಗೆ ಕೂಗಿನ ಅಕ್ಷರಗಳನ್ನು ಕಿಟಕಿಯ ಕಡೆಯಿಂದ ಒಳಗೆ ಬರುವಂತೆ ಇಟ್ಟೆವು. ನಮ್ಮ ಒಲೆ ಮೇಲಿನ ಕುಕ್ಕರ್‌ನ ವೆಯ್ಟ್ ಅಲ್ಲಾಡದೆ ಕೂತಿದೆ, ಸುತ್ತ ಒಂದೆಳೆ ಹಬೆಯೂ ಇಲ್ಲ. ಗಮನಿಸಿ ನೋಡಿದವರಿಗೆ ಎಲ್ಲ ಅಲ್ಲೇ ಇದೆ.

ಆ ಅಕ್ಷರಗಳದ್ದೂ ಒಂದು ಕತೆ. ‘ಕುಂಯ್ಯ್’ ಅಂತ ಟೈಪ್ ಮಾಡಿ ಹಾಕಿದರೆ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಬಂತು. ಫಾಂಟ್ ಬದಲಿಸಿದರೂ ಅದೇ ಪಾಡು. ಒತ್ತು ಸಾಲಿನ ಕೆಳಗೆ ಇಳಿಯುವ ಭಾಷೆ ನಮ್ಮದು, ಅದಕ್ಕೆ ಜಾಗ ಬೇಕು. ಅವಳು ಕೈಯಲ್ಲೇ ಬರೆದಳು. ಕಿಟಕಿ ಹತ್ತಿರ ‘ಕು’ ಸಣ್ಣದು, ಬರಬರುತ್ತಾ ದೊಡ್ಡದು. ಕೊನೆಯ ಯ ಒತ್ತಿನ ಬಾಲ ಚೌಕದ ಗೆರೆ ದಾಟಿ ಅಪ್ಪನ ಕಿವಿ ಹತ್ತಿರಕ್ಕೆ ಬಂದು ನಿಂತಿತು. ಟೈಪ್ ಮಾಡಿದ ಅಕ್ಷರಕ್ಕೆ ಇದು ಸಾಧ್ಯವೇ ಇರಲಿಲ್ಲ.

ಮೂರನೇ ಚೌಕದಲ್ಲಿ ಅಪ್ಪ ಒಲೆ ಆರಿಸುತ್ತಾರೆ. ಅದು ಬೇಗ ಮುಗಿಯಿತು. ನಾಲ್ಕನೆಯದರಲ್ಲಿ ಅಮ್ಮ ಮುಚ್ಚಳ ತೆಗೆದು ನಿಂತಿದ್ದಾಳೆ. ತಲೆಗೆ ಟವೆಲ್ ಸುತ್ತಿದೆ. ಒಳಗೆ ನೀರಿನಲ್ಲಿ ಅಕ್ಕಿ ಹಾಗೇ ಇದೆ. ಅಪ್ಪನಿಗೆ ನಾನು ಬರೆದಿದ್ದ ಮೂರು ಸಾಲನ್ನು ಒಂದೊಂದಾಗಿ ಹೊಡೆದು ಹಾಕುತ್ತಾ ಹೋದೆ. ಉಳಿದದ್ದು ಒಂದೇ: "ಮೂರಾಯ್ತಲ್ಲೇ!" ಕೂಗೂ ಬೇಕಾಗಲಿಲ್ಲ, ಸೀಟಿಯೂ ಬೇಕಾಗಲಿಲ್ಲ.

ಸಂಜೆ ಅದನ್ನು ನಮ್ಮಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಯಾವುದನ್ನೂ ಹಾಕುವ ಮೊದಲು ಒಬ್ಬರಾದರೂ ಏನೂ ಹೇಳಿಸಿಕೊಳ್ಳದೆ ನೋಡಬೇಕು ಅನ್ನುವುದು ನಮ್ಮ ನಿಯಮ. ಅಮ್ಮ ಕನ್ನಡಕ ಹಾಕಿಕೊಂಡರು. ಕೊನೆಯ ಚೌಕಕ್ಕೆ ನಗುತ್ತಾರೆ ಅಂತ ನಾನು ಕಾಯುತ್ತಿದ್ದರೆ ಎರಡನೆಯದಕ್ಕೇ ನಕ್ಕರು. ಬೆರಳಿಟ್ಟು ತೋರಿಸಿದರು. ಅಪ್ಪನ ಕಣ್ಣು ಪೇಪರ್ ಮೇಲಿದೆ, ಆದರೆ ಇನ್ನೊಂದು ಕೈಯ ಹೆಬ್ಬೆರಳು ಕಿರುಬೆರಳಿನ ಎರಡನೇ ಗೆಣ್ಣಿನ ಮೇಲೆ ಕೂತಿದೆ. ಎರಡು ಆಗಿದೆ, ಇನ್ನೊಂದು ಬಾಕಿ.

"ಥೇಟ್ ನಿಮ್ಮಪ್ಪನೇ ಕಣೇ" ಅಂದರು.

ಆ ಹೆಬ್ಬೆರಳನ್ನು ನಾನು ಬರೆದಿರಲಿಲ್ಲ. ಅದು ಪೂರ್ತಿ ಅವಳದು. ಕೂಡಲೇ ಫೋನ್ ಮಾಡಿ ಹೇಳಿದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ಅದು ನಮ್ಮಪ್ಪನ ಕೈರಿ ಅಕ್ಕಾ" ಅಂದಳು.